ನಕಲು ತಿದ್ದಿದರೆ ಪಹಣಿ ಬದಲಾದೀತೆ?

ಸಿ ಭಾಷೆ ಕಲಿಯುವವರು ಸ್ಟ್ರಕ್ಚರ್ ಪಾಠದವರೆಗೆ ಹುರುಪಿನಿಂದಲೇ ಬರುತ್ತಾರೆ. ಅದಕ್ಕೆ ಪಾಯಿಂಟರ್ ಸೇರಿದೊಡನೆ ಹಲವರು ಪುಸ್ತಕ ಮುಚ್ಚಿಬಿಡುತ್ತಾರೆ. ನಮ್ಮ ರಾಯಚೂರು ಸೀಮೆಯ ರೈತರೆಲ್ಲ ಬಲ್ಲ ಪಹಣಿಯನ್ನೇ ಮುಂದಿಟ್ಟುಕೊಂಡರೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ.

ಸರ್ವೆ ನಂಬರು, ಊರು, ಖಾತೆದಾರನ ಹೆಸರು, ಎಕರೆ, ಗುಂಟೆ – ಬೇರೆ ಬೇರೆ ಬಗೆಯ ಈ ಮಾಹಿತಿಯನ್ನು ಒಂದೇ ಗಂಟಿನಲ್ಲಿ ಕಟ್ಟಿಡುವುದೇ ಸ್ಟ್ರಕ್ಚರ್. ಮಾನ್ವಿಯ ರೈತನೊಬ್ಬ ತನ್ನ 3 ಎಕರೆಗೆ 20 ಗುಂಟೆ ಕೊಂಡು ಸೇರಿಸಿದನೆನ್ನಿ. ಅದನ್ನು ಕೂಡಿಸಲು ನೀವೊಂದು ಫಂಕ್ಷನ್ ಬರೆದು, ಪಹಣಿಯ ಸ್ಟ್ರಕ್ಚರನ್ನೇ ಅದಕ್ಕೆ ಕೊಟ್ಟಿರಿ. ಕಂಪೈಲರ್ ಚಕಾರ ಎತ್ತುವುದಿಲ್ಲ. ಮುದ್ರಿಸಿ ನೋಡಿದರೆ ಮಾತ್ರ ಹಳೆಯ 3 ಎಕರೆಯೇ! ಫಂಕ್ಷನ್ ಕೈಗೆ ಹೋದದ್ದು ನಕಲು. ಝೆರಾಕ್ಸ್ ಪ್ರತಿಯನ್ನು ಮನೆಯಲ್ಲಿ ಪೆನ್ನಿನಿಂದ ತಿದ್ದಿದರೆ ತಾಲ್ಲೂಕು ಕಚೇರಿಯ ದಾಖಲೆ ಬದಲಾದೀತೆ?

ಆದ್ದರಿಂದ ಹೆಸರಿನ ಹಿಂದೆ & ಚಿಹ್ನೆ ಹಚ್ಚಿ, ಮೂಲ ಪಹಣಿ ಇರುವ ಜಾಗದ ವಿಳಾಸವನ್ನು ಕೊಡಬೇಕು. ಅದನ್ನು ಹಿಡಿದುಕೊಳ್ಳುವ 'ಪಿ' ಎಂಬುದೇ ಪಾಯಿಂಟರ್. ಗುಂಟೆಯನ್ನು ಮುಟ್ಟಲು (*ಪಿ).ಗುಂಟೆ ಎಂದು ಬರೆಯಬೇಕು. ಚುಕ್ಕೆಗೆ ನಕ್ಷತ್ರಕ್ಕಿಂತ ಮೊದಲ ಮರ್ಯಾದೆ, ಅದಕ್ಕೇ ಆ ಕಂಸ. ಪ್ರತಿಸಲ ಇಷ್ಟು ಗೀಚುವ ಕಷ್ಟ ತಪ್ಪಿಸಲೆಂದೇ ಪಿ->ಗುಂಟೆ ಎಂಬ ಬಾಣ ಇದೆ. (1978ರ ಕರ್ನಿಘನ್–ರಿಚಿ ಪುಸ್ತಕದ ಕಾಲಕ್ಕೆ ಸ್ಟ್ರಕ್ಚರನ್ನು ಇಡಿಯಾಗಿ ಫಂಕ್ಷನ್‌ಗೆ ಕೊಡುವಂತೆಯೇ ಇರಲಿಲ್ಲ, ವಿಳಾಸವೇ ಗತಿ. ಕಲಿಯುವವರಿಗೆ ಅದೇ ವಾಸಿಯಿತ್ತೇನೋ.)

ನಿಜವಾದ ಸ್ವಾರಸ್ಯ ಮುಂದಿದೆ. ಖಾತೆದಾರನನ್ನು ಪಹಣಿಯಿಂದ ಹೊರತೆಗೆದು, ಹೆಸರು–ವಿಳಾಸಗಳ ಬೇರೊಂದು ಸ್ಟ್ರಕ್ಚರ್ ಮಾಡಿ, ಮ್ಯಾಲಕ್‌ನಿಂದ ಅದಕ್ಕೆ ಜಾಗ ಪಡೆಯಿರಿ. ಅವನಿಗೆ ಮಾನ್ವಿಯಲ್ಲೊಂದು, ದೇವದುರ್ಗದಲ್ಲೊಂದು ಹೊಲ. ಎರಡೂ ಪಹಣಿಗಳಲ್ಲಿ ಅವನತ್ತ ತೋರುವ ಪಾಯಿಂಟರ್ ಇದ್ದರೆ ಸಾಕು. ಅವನು ರಾಯಚೂರಿಗೆ ಮನೆ ಬದಲಿಸಿದಾಗ ಒಂದೇ ಕಡೆ ತಿದ್ದಿದರೆ ಎರಡರಲ್ಲೂ ಹೊಸ ವಿಳಾಸ ಸಿಗುತ್ತದೆ.

ಅಪಾಯವೂ ಇಲ್ಲೇ ಇದೆ. ದೇವದುರ್ಗದ ಹೊಲ ಮಾರಿದನೆಂದು ಖಾತೆದಾರನ ಸ್ಟ್ರಕ್ಚರನ್ನು ಫ್ರೀ ಮಾಡಿದಿರೋ, ಮಾನ್ವಿಯ ಪಾಯಿಂಟರ್ ಬಿಟ್ಟುಹೋದ ಜಾಗದತ್ತಲೇ ಬೊಟ್ಟು ಮಾಡಿಕೊಂಡಿರುತ್ತದೆ. ಕೆಲಹೊತ್ತು ಹಳೆಯ ಹೆಸರೇ ಕಾಣಿಸೀತು, ಮೋಸ ಹೋಗುವುದೇ ಆಗ. ಆ ಜಾಗಕ್ಕೆ ಇನ್ನೊಬ್ಬ ಬಂದು ಕೂತರೆ ಮಾನ್ವಿಯ ಹೊಲ ಅವನ ಹೆಸರಿಗೆ! ತನ್ನತ್ತ ಎಷ್ಟು ಪಹಣಿಗಳು ತೋರುತ್ತಿವೆ ಎಂಬ ಲೆಕ್ಕವನ್ನು ಖಾತೆದಾರನ ಸ್ಟ್ರಕ್ಚರ್‌ನೊಳಗೇ ಇಡಿ. ಒಂದು ಹೊಲ ಮಾರಿದಾಗ ಒಂದು ಕಳೆಯಿರಿ. ಅದು ಸೊನ್ನೆಗೆ ಬಂದಾಗ ಮಾತ್ರ ಫ್ರೀ ಮಾಡಿ.