ನಗೆಯ ಸೆರಗಿನಲ್ಲಿ ಕಟ್ಟಿದ ವಿಚಾರ

ಪ್ರೇಮದ ಕಾದಂಬರಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನೆಗಳ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಅದು ನಗೆಯ ಕಾದಂಬರಿಯೂ ಹೌದೆಂದು ತಿಳಿದರಂತೂ ‘ಹೊತ್ತು ಹೋಗದವರ ಓದು’ ಎಂದು ಬದಿಗೆ ಸರಿಸಿಬಿಡುತ್ತಾರೆ. ಯಾದಗಿರಿ–ರಾಯಚೂರು ನಡುವಿನ ನಮ್ಮ ಸೈದಾಪುರದಂಥ ಊರಿನಲ್ಲಿ ಕಾಲೇಜಿಗೆ ಹೋಗುವ ಮಗಳು ಅಂಥದೊಂದು ಪುಸ್ತಕವನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವ ಪ್ರಸಂಗ ಬರುವುದು ಈ ಕಾರಣದಿಂದಲೇ. ಹಿರಿಯರ ಆತಂಕ ಪೂರ್ತಿ ನಿರಾಧಾರವಾದುದಲ್ಲ. ಸತ್ವವಿಲ್ಲದ ಪುಸ್ತಕಗಳು ಎಲ್ಲ ಕಾಲದಲ್ಲಿಯೂ ಇವೆ. ಆದರೆ ನಗೆಯನ್ನೂ ಒಲವನ್ನೂ ಹೆಣೆದು ಬರೆದ ಕೃತಿಗಳಲ್ಲಿಯೇ ಸಮಾಜದ ಅತ್ಯಂತ ಗಂಭೀರವಾದ ಪ್ರಶ್ನೆಗಳು ಅಡಗಿ ಕುಳಿತಿರುವುದುಂಟು ಎಂಬುದನ್ನು ಈ ತಿಂಗಳ ಅಂಕಣದಲ್ಲಿ ವಿಚಾರ ಮಾಡೋಣ.

ಮದುವೆ ಎಂಬುದು ಎರಡು ಜೀವಗಳ ಕೂಟವಷ್ಟೇ ಅಲ್ಲ. ಹೊಲ, ಹಣ, ಕುಲ, ಮನೆತನದ ಮಾನ, ಹೆಣ್ಣಿನ ವಿದ್ಯೆ, ಹುಂಡಾದ ಲೆಕ್ಕ, ಇವೆಲ್ಲವೂ ಬಂದು ಸೇರುವ ಚಾವಡಿ ಅದು. ಆದ್ದರಿಂದ ಮದುವೆಯ ಕಥೆಯನ್ನು ಪ್ರಾಮಾಣಿಕವಾಗಿ ಬರೆಯಹೊರಟ ಲೇಖಕನು ಬೇಡವೆಂದರೂ ಸಮಾಜದ ಕಥೆಯನ್ನೇ ಬರೆಯಬೇಕಾಗುತ್ತದೆ. ಇನ್ನು ನಗೆಯ ಗುಣವನ್ನು ನಾವೆಲ್ಲರೂ ಬಲ್ಲೆವು. ನೇರವಾಗಿ ಹೇಳಿದರೆ ಸಿಟ್ಟಿಗೇಳುವ ಮನುಷ್ಯನು ಅದೇ ಮಾತನ್ನು ನಗೆಯಲ್ಲಿ ಹೇಳಿದಾಗ ಮೊದಲು ನಗುತ್ತಾನೆ, ಮನೆಗೆ ಹೋದ ಮೇಲೆ ಚಿಂತಿಸುತ್ತಾನೆ.

ಕನ್ನಡದಲ್ಲಿ ಈ ದಾರಿ ಹೊಸತಲ್ಲ. ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು 1887ರಲ್ಲಿಯೇ ಬಂದಿತು. ಹಣ ಪಡೆದು ಹೆಣ್ಣು ಕೊಡುವ ಕನ್ಯಾವಿಕ್ರಯದ ಪದ್ಧತಿಯನ್ನು ಅದು ನಗೆಯ ಮೂಲಕವೇ ಬಯಲಿಗೆಳೆಯಿತು. ಅದು ನಾಟಕ, ಕಾದಂಬರಿಯ ಸರದಿ ಬಂದುದು 1899ರಲ್ಲಿ. ಆ ವರ್ಷ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಪೊಲೀಸ್ ಇಲಾಖೆಯಲ್ಲಿದ್ದ ಲೇಖಕರಿಗೆ ಮನುಷ್ಯರ ಕಪಟವನ್ನು ಗುರುತಿಸುವ ಕಣ್ಣಿತ್ತು. ಭಕ್ತಿಯ ವೇಷ ತೊಟ್ಟು ಶ್ರೀಮಂತರ ಮನೆ ಹೊಕ್ಕ ಡಾಂಭಿಕರನ್ನು ಅವರು ಚಿತ್ರಿಸುವ ರೀತಿಗೆ ನಗು ತಡೆಯದು. ಆದರೆ ಆ ನಗೆಯ ನಡುವೆ ನಿಂತಿರುವವಳು ಬಾಲವಿಧವೆಯಾದ ಇಂದಿರೆ. ಅವಳು ತವರಿನ ಕಪಟದಿಂದ ಪಾರಾಗಿ, ಸಜ್ಜನರಾದ ಅಮೃತರಾಯರ ಆಶ್ರಯ ಪಡೆದು, ವಿದ್ಯೆ ಕಲಿತು, ವಿಲಾಯಿತಿಯಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುತ್ತಾಳೆ. ವಿಧವೆಗೆ ವಿದ್ಯೆಯೂ ಬೇಡ, ಮರುಮದುವೆಯೂ ಬೇಡ ಎನ್ನುತ್ತಿದ್ದ ಕಾಲದಲ್ಲಿ ಈ ಮಂಗಳಾಂತ್ಯವು ಸುಲಭದ ಸುಖಾಂತ್ಯವಾಗಿರಲಿಲ್ಲ, ಅದೊಂದು ಸಾಹಸವಾಗಿತ್ತು.

ಇಲ್ಲಿ ನಮ್ಮ ಸುರಪುರವನ್ನೂ ನೆನೆಯಬೇಕು. 1841ರಿಂದ 1853ರವರೆಗೆ ಅಲ್ಲಿನ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ಕಾದಂಬರಿಕಾರನೂ ಆಗಿದ್ದನು. ಅವನ ಹೆಸರಿನ ‘ಟೇಲರ್ ಮಂಜಿಲ್’ ಸುರಪುರದ ಬೆಟ್ಟದ ಮೇಲೆ ಈಗಲೂ ಇದೆ. ಅವನು 1863ರಲ್ಲಿ ಪ್ರಕಟಿಸಿದ ‘ತಾರಾ’ ಕಾದಂಬರಿಯ ನಾಯಕಿ ತುಳಜಾಪುರದ ಒಬ್ಬ ತರುಣ ವಿಧವೆ. ಹಿನ್ನೆಲೆಯಲ್ಲಿರುವುದು ಶಿವಾಜಿ ಮತ್ತು ಅಫಜಲಖಾನರ ಕಾಲ. ವಿಷಯ ಇಂದಿರೆಯದರ ಸಮೀಪದ್ದೇ. ಆದರೆ ಟೇಲರನ ಬರಹದ ದನಿ ಆದ್ಯಂತ ಗಂಭೀರ. ಅವನು ಹೊರಗಿನಿಂದ ಬಂದು, ಮರುಕದಿಂದ ನೋಡಿ ಬರೆದವನು. ಗುಲ್ವಾಡಿಯವರಾದರೋ ಒಳಗಿನವರು, ತಮ್ಮವರನ್ನು ತಾವೇ ನಕ್ಕರು. ಪರರ ಮನೆಯ ದುಃಖಕ್ಕೆ ಮರುಗುವುದು ಸುಲಭ, ನಮ್ಮ ಮನೆಯ ಡಂಭಕ್ಕೆ ನಾವೇ ನಗುವುದು ಕಠಿಣ. ಸುಧಾರಣೆ ಮೊದಲಾಗುವುದು ಈ ಎರಡನೆಯದರಿಂದಲೇ ಎಂದು ನಮ್ಮ ನಂಬಿಕೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ಹೆಸರಿನಲ್ಲಿಯೇ ಮದುವೆಯಿದೆ. ಜೀತದಾಳು ಗುತ್ತಿ, ಅವನು ಮೆಚ್ಚಿದ ತಿಮ್ಮಿ, ಅವನ ಬೆನ್ನು ಬಿಡದ ನಾಯಿ ಹುಲಿಯ, ಈ ಮೂವರ ಪಯಣದಲ್ಲಿ ನಗೆಗೆ ಕೊರತೆಯಿಲ್ಲ. ಆದರೆ ಜೀತದವರ ಮದುವೆಯನ್ನೂ ಒಡೆಯರೇ ನಿರ್ಧರಿಸುವ ವ್ಯವಸ್ಥೆಯಲ್ಲಿ ಗುತ್ತಿಯು ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದು ಬರಿಯ ತುಂಟತನವಲ್ಲ, ಬದುಕನ್ನು ಪಣಕ್ಕಿಟ್ಟ ಬಂಡಾಯ. ಅದೇ ಕೃತಿಯಲ್ಲಿ ಗೌಡರ ಮನೆಯ ಚಿನ್ನಮ್ಮನು ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಮುಕುಂದಯ್ಯನನ್ನು ಸೇರುತ್ತಾಳೆ. ಉಳ್ಳವರ ಮಗಳಿಗೂ ಇಲ್ಲದವರ ಮಗಳಿಗೂ ‘ನಿನಗೆ ಒಪ್ಪಿಗೆಯೆ?’ ಎಂದು ಕೇಳುವವರಿಲ್ಲದ ಸ್ಥಿತಿ ಒಂದೇ ಎಂಬುದನ್ನು ಮಹಾಕವಿಯು ಉಪದೇಶವಿಲ್ಲದೆಯೇ ತೋರಿಸಿದರು.

ಅವರ ಸುಪುತ್ರ ಪೂರ್ಣಚಂದ್ರ ತೇಜಸ್ವಿಯವರು 1985ರಲ್ಲಿ ‘ಚಿದಂಬರ ರಹಸ್ಯ’ವನ್ನು ಬರೆದರು, ಅದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿತು. ಕೆಸರೂರೆಂಬ ಊರಿನಲ್ಲಿ ಏಲಕ್ಕಿಯ ಫಸಲು ಏಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳರು ಹೇಗೆ ಸತ್ತರು ಎಂದು ಪತ್ತೆ ಮಾಡಲು ಅಂಗಾಡಿ ಎಂಬ ಅಧಿಕಾರಿ ಬರುತ್ತಾನೆ. ಓದುಗನು ಪುಟಪುಟಕ್ಕೂ ನಗುತ್ತಾನೆ. ರಫಿ ಮತ್ತು ಜಯಂತಿ ಎಂಬ ಬೇರೆ ಬೇರೆ ಧರ್ಮದ ತರುಣ ತರುಣಿಯರ ಒಲವೂ ಆ ನಗೆಯ ನಡುವೆಯೇ ಅರಳುತ್ತದೆ. ಆದರೆ ಊರಿನ ಸಂಶಯ, ಮತದ್ವೇಷ, ಸ್ವಾರ್ಥಗಳು ಒಂದೊಂದಾಗಿ ಸೇರುತ್ತ ಹೋಗಿ ಕೊನೆಗೆ ಬೆಂಕಿಯು ಊರನ್ನೇ ನುಂಗುತ್ತದೆ. ನಕ್ಕ ನಗೆಯೇ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಇಬ್ಬರ ಒಲವೊಂದೇ ಊರನ್ನು ಉಳಿಸಲಾರದು, ಊರಿನವರೆಲ್ಲ ವಿವೇಕಿಗಳಾಗಬೇಕು ಎಂಬ ಅರಿವನ್ನು ಅದು ಉಳಿಸುತ್ತದೆ.

ಇತ್ತೀಚಿನದೆಂದರೆ 2013ರಲ್ಲಿ ಬಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಪುಟ್ಟ ಕಾದಂಬರಿ. ಬಿಡಿಸಲಾಗದಂತೆ ಗೋಜಲಾದುದಕ್ಕೆ ಮನೆಯೊಂದರಲ್ಲಿ ಮಾತ್ರ ಬಳಕೆಯಲ್ಲಿದ್ದ ಅರ್ಥವಿಲ್ಲದ ಶಬ್ದವೇ ಅದರ ಹೆಸರು. ಸೊಸೆಯಾಗಿ ಬಂದ ಅನಿತಾ ಆ ಶಬ್ದವನ್ನು ಗಂಡನಿಗೆ ಕಲಿಸುವ ಸಂದರ್ಭ ನವದಂಪತಿಗಳ ಸರಸದ್ದು. ಆದರೆ ಮಸಾಲೆಯ ವ್ಯಾಪಾರದಿಂದ ಥಟ್ಟನೆ ಸಿರಿವಂತವಾದ ಆ ಮನೆಯಲ್ಲಿ, ದುಡಿಯುವ ಚಿಕ್ಕಪ್ಪನ ಋಣದಲ್ಲಿರುವ ಎಲ್ಲರೂ ಅನ್ಯಾಯದ ಎದುರು ಮೌನಿಗಳಾಗುತ್ತಾರೆ. ಪ್ರಶ್ನೆ ಕೇಳಿದವಳು ಸೊಸೆಯೊಬ್ಬಳೇ. ಕೂಡುಕುಟುಂಬದ ಹಿರಿಮೆಯನ್ನು ಹೊಗಳುವ ನಾವು ಇದನ್ನು ತಪ್ಪದೆ ಓದಬೇಕು.

ಹೊರನಾಡುಗಳಲ್ಲಿಯೂ ಇದೇ ಮಾತು. ಇಂಗ್ಲೆಂಡಿನ ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರಿಜುಡಿಸ್’ ನಗೆಯ ಮದುವೆಗಥೆಗಳಿಗೆಲ್ಲ ಹಿರಿಯಕ್ಕನಂತಿದೆ. ಐವರು ಹೆಣ್ಣುಮಕ್ಕಳ ತಂದೆಯ ಆಸ್ತಿಯು ಗಂಡು ಸಂತಾನವಿಲ್ಲದ ಕಾರಣಕ್ಕೆ ದೂರದ ದಾಯಾದಿಯ ಪಾಲಾಗಲಿದೆ. ಇಪ್ಪತ್ತೇಳು ವರ್ಷದ ಷಾರ್ಲೆಟ್ ಎಂಬವಳು ಒಲವಿಲ್ಲದಿದ್ದರೂ ಆ ದಾಯಾದಿಯನ್ನೇ ಮದುವೆಯಾಗುತ್ತಾಳೆ. ಅವಳಿಗೆ ಬೇಕಾದುದು ತಲೆಯ ಮೇಲೊಂದು ಸೂರು. ನಮ್ಮ ದೇಶದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ಕಾಯಿದೆ ತಿದ್ದುಪಡಿ ನೀಡಿತು ಎಂಬುದನ್ನು ನೆನೆದಾಗ ಆ ಕಥೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ಐರ್ಲೆಂಡಿನ ಮರಿಯನ್ ಕೀಸ್ ಅವರ 1997ರ ‘ರೇಚಲ್ಸ್ ಹಾಲಿಡೇ’ಯಲ್ಲಿ ಮಾತುಮಾತಿಗೂ ನಗಿಸುವ ತರುಣಿಯೊಬ್ಬಳು ಮಾದಕ ಪದಾರ್ಥಗಳ ದಾಸಿಯಾಗಿ ಚಿಕಿತ್ಸಾಲಯ ಸೇರುತ್ತಾಳೆ. ತನಗೆ ಚಟವೇ ಇಲ್ಲವೆಂದು ಅವಳು ವಾದಿಸುವ ರೀತಿ ಹಾಸ್ಯಮಯ. ಕುಡಿತದಿಂದ ನಲುಗಿದ ಮನೆಗಳಿಗೆ ಆ ವಾದ ಎಷ್ಟು ಪರಿಚಿತವೆಂಬುದು ಮಾತ್ರ ಹಾಸ್ಯವಲ್ಲ. ಅದೇ ಲೇಖಕಿಯ 2008ರ ‘ದಿಸ್ ಚಾರ್ಮಿಂಗ್ ಮ್ಯಾನ್’ ಹೆಂಡತಿಯ ಮೇಲೆ, ಪ್ರೇಯಸಿಯ ಮೇಲೆ ಕೈಮಾಡುವ ಗಂಡಸರ ವಿಷಯವನ್ನು ಎತ್ತಿಕೊಂಡಿತು.

ಹಾಗಾದರೆ ನಗೆ ಮತ್ತು ಪ್ರೇಮವಿರುವ ಪುಸ್ತಕಗಳೆಲ್ಲ ಒಳ್ಳೆಯವೆ? ಅಲ್ಲ. ಇಂಥ ಬರವಣಿಗೆಗೆ ತನ್ನದೇ ಆದ ದೋಷವಿದೆ. ಗಂಭೀರ ಪ್ರಶ್ನೆಯನ್ನು ಎತ್ತಿ, ಕೊನೆಯ ಪುಟದಲ್ಲಿ ಒಂದು ಅಕ್ಷತೆ ಹಾಕಿ ಮುಗಿಸಿಬಿಡುವುದೇ ಆ ದೋಷ. ‘ಇಂದಿರಾಬಾಯಿ’ಗೂ ಈ ಆಕ್ಷೇಪಣೆ ತಪ್ಪಿದ್ದಲ್ಲ; ಎಲ್ಲ ವಿಧವೆಯರಿಗೂ ವಿಲಾಯಿತಿಯಿಂದ ಬಂದ ಭಾಸ್ಕರನು ಸಿಗುವುದಿಲ್ಲವಷ್ಟೆ. ಆದ್ದರಿಂದ ಪುಸ್ತಕವನ್ನು ಕೈಗೆತ್ತಿಕೊಂಡವರು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕಥೆ ಯಾರನ್ನು ನೋಡಿ ನಗುತ್ತಿದೆ, ಬಲವುಳ್ಳವರನ್ನೋ ಬಡಪಾಯಿಗಳನ್ನೋ? ಇದರಲ್ಲಿನ ಹೆಣ್ಣಿಗೆ ತನ್ನದೊಂದು ಮನಸ್ಸು, ತನ್ನದೊಂದು ಕಾಯಕ ಉಂಟೋ ಇಲ್ಲವೋ? ಪುಸ್ತಕ ಮುಚ್ಚಿದ ಮೇಲೆ ಪ್ರಶ್ನೆಯೂ ಮುಚ್ಚಿಹೋಯಿತೋ, ಮನೆಯವರೆಗೆ ಹಿಂಬಾಲಿಸಿ ಬಂದಿತೋ? ಈ ಮೂರರಲ್ಲಿ ಗೆದ್ದ ಪುಸ್ತಕವನ್ನು ಮಗಳ ಕೈಯಿಂದ ಕಸಿದುಕೊಳ್ಳುವುದು ಬೇಡ. ಅವಳು ಓದಿ ಮುಗಿಸಿದ ಮೇಲೆ ನಾವೂ ಓದೋಣ.

ಇದು ಕೇವಲ ಸಾಹಿತ್ಯದ ಮಾತೆಂದು ತಿಳಿಯಬಾರದು. ಹುಂಡಾ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯಿದೆಯಂತೆ ಅಪರಾಧ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬದ ಮದುವೆಯನ್ನು 2006ರ ಕಾಯಿದೆ ನಿಷೇಧಿಸಿದೆ. ಕರ್ನಾಟಕವು ಅದಕ್ಕೆ ತಂದ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆದರೂ ‘ಒಳ್ಳೆಯ ಮನೆತನ ಬಂದಿದೆ, ಓದು ಆಮೇಲೆ ನೋಡೋಣ’ ಎಂಬ ಮಾತು ನಮ್ಮ ಸೀಮೆಯ ಪಡಸಾಲೆಗಳಿಂದ ಇನ್ನೂ ಹೋಗಿಲ್ಲ. ಕಾಯಿದೆಯ ಪುಸ್ತಕ ಆ ಪಡಸಾಲೆಗೆ ಬರುವುದು ಅನಾಹುತವಾದ ಮೇಲೆ. ಕಥೆಯ ಪುಸ್ತಕ ಅದಕ್ಕೂ ಮೊದಲೇ ಬರಬಲ್ಲದು.

ಹರಳಯ್ಯನವರ ಮಗ, ಮಧುವರಸರ ಮಗಳು, ಈ ಇಬ್ಬರ ಮದುವೆಯ ನಿಮಿತ್ತವಾಗಿಯೇ ಕಲ್ಯಾಣದಲ್ಲಿ ಏನಾಯಿತೆಂಬುದನ್ನು ಶರಣ ಪರಂಪರೆಯ ಕಥನದಲ್ಲಿ ಕೇಳಿ ಬೆಳೆದವರು ನಾವು. ಮದುವೆಯ ವಿಷಯ ಹಗುರವಾದುದೆಂದು ಉಳಿದವರು ಹೇಳಿದರೂ ನಾವು ಹೇಳುವಂತಿಲ್ಲ. ಆದ್ದರಿಂದ ಬರುವ ಲಗ್ನಸರಾಯಿಗೆ ಮೊದಲು, ಸಂಜೆಯ ಪೂಜೆ ಪ್ರಸಾದಗಳು ಮುಗಿದ ಮೇಲೆ, ಮೇಲೆ ಹೇಳಿದ ಒಂದು ಪುಸ್ತಕವನ್ನು ಮನೆಯವರೆಲ್ಲ ಕುಳಿತು ಓದಿರಿ, ಓದಿಸುವವಳು ಮಗಳಾಗಲಿ. ಎಲ್ಲರೂ ನಗುವಲ್ಲಿ ನೀವೂ ನಗಿರಿ. ಅವಳು ಥಟ್ಟನೆ ಓದು ನಿಲ್ಲಿಸಿದ ಕಡೆಯಲ್ಲಿ ‘ಯಾಕವ್ವಾ, ನಿನಗೇನನ್ನಿಸಿತು?’ ಎಂದು ಒಮ್ಮೆ ಕೇಳಿರಿ. ಅವಳ ಉತ್ತರವನ್ನು ತಾಳ್ಮೆಯಿಂದ ಆಲಿಸಿದ ಬಳಿಕವೇ ಬೀಗರಿಗೆ ಮಾತು ಕೊಡುವುದು ಲೇಸು.