ಗೇರಿನ ಹದ

ಮೋಟಾರು ನಡೆಸಲು ಕಲಿಯುವವರ ಪಾಡೇನೆಂಬುದನ್ನು ಅರಿಯಬೇಕಾದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಕಾಲು ಗಂಟೆ ನಿಂತರೆ ಸಾಕು. 66ನೆಯ ರಾಷ್ಟ್ರೀಯ ಹೆದ್ದಾರಿ ಅಲ್ಲಿ ಮೇಲ್ಸೇತುವೆಯನ್ನೇರಿ ಸಾಗುತ್ತದೆ. ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿ, ಟ್ಯಾಂಕರುಗಳು ಮೇಲೆ. ಸಿಟಿ ಬಸ್ಸು, ರಿಕ್ಷಾ, ಸ್ಕೂಟರುಗಳ ಜಾತ್ರೆ ಕೆಳಗೆ. ಆ ಜಾತ್ರೆಯ ನಡುವೆ ಕೆಂಪು ‘ಎಲ್’ ಅಕ್ಷರ ಹೊತ್ತ ಕಾರೊಂದು ಬಂದಿತೆಂದರೆ ಹಿಂದಿನ ಹಾರ್ನುಗಳೆಲ್ಲ ಒಮ್ಮೆಗೇ ಎಚ್ಚರಗೊಳ್ಳುತ್ತವೆ. ಒಳಗಿನವನು ಗಾಬರಿಯಿಂದ ಕ್ಲಚ್ಚನ್ನು ಥಟ್ಟನೆ ಬಿಡುತ್ತಾನೆ. ಕಾರು ಕಪ್ಪೆಯಂತೆ ಕುಪ್ಪಳಿಸಿ ನಿಂತುಬಿಡುತ್ತದೆ. “ನಿಧಾನ ಬಿಡಿ ಮಾರಾಯ್ರೆ!” ಎಂಬ ಗುರುವಾಕ್ಯ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಗೇರು ಬದಲಾಯಿಸುವುದು ಕೈಚಳಕವೆಂದು ಹೊಸಬರ ಭಾವನೆ. ಆದುದರಿಂದಲೇ ಅವರು ಗೇರಿನ ಹಿಡಿಯೊಡನೆ ಕುಸ್ತಿಗಿಳಿಯುತ್ತಾರೆ. ದೋಷವಿರುವುದು ಕೈಯಲ್ಲಲ್ಲ, ಕಾಲಿನಲ್ಲಿ; ಅದಕ್ಕಿಂತಲೂ ಹೆಚ್ಚಾಗಿ ಕಿವಿಯಲ್ಲಿ.

ಕ್ಲಚ್ಚನ್ನು ಒತ್ತಿದಾಗ ಎಂಜಿನ್ನಿಗೂ ಚಕ್ರಗಳಿಗೂ ಇರುವ ಸಂಬಂಧ ಕಡಿಯುತ್ತದೆ; ಬಿಟ್ಟಾಗ ಮತ್ತೆ ಕೂಡುತ್ತದೆ. ಕೂಡುವ ಗಳಿಗೆಯಲ್ಲಿ ಎರಡೂ ಕಡೆಯ ವೇಗ ಹೊಂದದಿದ್ದರೆ ಒಂದು ಇನ್ನೊಂದನ್ನು ಜಗ್ಗುತ್ತದೆ. ಆ ಜಗ್ಗಾಟವೇ ಒಳಗಿನವರಿಗೆ ತಾಗುವ ಧಕ್ಕೆ. ಓಡುವ ಬಸ್ಸನ್ನು ಹತ್ತುವ ಚತುರ ಅದರೊಡನೆ ನಾಲ್ಕು ಹೆಜ್ಜೆ ಓಡಿ, ವೇಗ ಸಮವಾದ ಮೇಲೆ ಮೆಟ್ಟಿಲಿಗೆ ಕಾಲಿಡುತ್ತಾನೆ. ನಿಂತಲ್ಲಿಂದಲೇ ನೆಗೆದವನು ಮುಗ್ಗರಿಸುತ್ತಾನೆ. ಗೇರಿನ ಗುಟ್ಟೂ ಇಷ್ಟೇ.

ಒಂದು ಲೆಕ್ಕವನ್ನು ನೋಡೋಣ. ಕಾರೊಂದರ ಎರಡನೆಯ ಗೇರಿನ ಅನುಪಾತ 2, ಮೂರನೆಯದು 1.4 ಎಂದಿರಲಿ. ಮೂರನೆಯ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 2100 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡನೆಯ ಗೇರಿಗೆ ಇಳಿದಾಗ 3000 ಸುತ್ತು ತಿರುಗಬೇಕು. ಆದುದರಿಂದ ಕೆಳಗಿನ ಗೇರಿಗೆ ಬರುವಾಗ ಕ್ಲಚ್ಚನ್ನು ಬಿಡುವ ಮೊದಲು ಆಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ನಿನ ದನಿಯನ್ನು ಏರಿಸಬೇಕು. ಮೇಲಿನ ಗೇರಿಗೆ ಹೋಗುವಾಗ ಇದಕ್ಕೆ ತಿರುಗುಮುರುಗು: ಕಾಲನ್ನು ತೆಗೆದು, ದನಿ ತಾನಾಗಿ ಇಳಿಯುವವರೆಗೆ ಅರೆಗಳಿಗೆ ತಾಳಬೇಕು. 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನಲ್ಲಿ ಮೊದಲು ಕಾಣಿಸಿಕೊಂಡ ಸಿಂಕ್ರೊಮೆಶ್ ಎಂಬ ಏರ್ಪಾಡು ಪೆಟ್ಟಿಗೆಯೊಳಗಿನ ಗೇರುಗಳ ಕರಕರ ಸದ್ದನ್ನು ತಪ್ಪಿಸಿತು. ಆದರೆ ಕ್ಲಚ್ಚನ್ನು ಹದವರಿತು ಬಿಡುವ ಹೊಣೆ ಚಾಲಕನ ಎಡಗಾಲಿನಲ್ಲೇ ಉಳಿಯಿತು.

ಇದು ಬರಿಯ ಸೊಗಸಿನ ಮಾತಲ್ಲ. ಏರಿನಲ್ಲಿ ನಿಂತ ಕಾರು ನಾಲ್ಕಡಿ ಹಿಂದೆ ಸರಿದರೆ ಅಲ್ಲಿ ಸ್ಕೂಟರಿನಲ್ಲೊಂದು ಸಂಸಾರವೇ ಇರಬಹುದು. ಹ್ಯಾಂಡ್‌ಬ್ರೇಕನ್ನು ಎಳೆದಿಟ್ಟು, ಕ್ಲಚ್ಚನ್ನು ಮೆಲ್ಲನೆ ಬಿಡುತ್ತ, ಎಂಜಿನ್ನಿನ ದನಿ ಭಾರವಾಗಿ ಕಾರಿನ ಮೂತಿ ತುಸು ಎದ್ದಾಗ ಬ್ರೇಕನ್ನು ಸಡಿಲಿಸಬೇಕು. ಶಿರಾಡಿಯಂಥ ಘಟ್ಟವನ್ನಿಳಿಯುವಾಗಲಂತೂ ಕೆಳಗಿನ ಗೇರೇ ಕಾವಲು. ಬ್ರೇಕನ್ನೊಂದೇ ನಂಬಿ ಒತ್ತುತ್ತಲೇ ಬಂದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಏರಿನಲ್ಲಿ ಹಿಂದೆ ಸರಿಯದೆ ಹೊರಡುವುದನ್ನೂ ಇಳಿಜಾರಿನಲ್ಲಿ ಕೆಳಗೇರಿಗೆ ಬರುವುದನ್ನೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಲೈಸೆನ್ಸಿನ ಪರೀಕ್ಷೆಯಲ್ಲಿ ಸೇರಿಸಿರುವುದು ಸುಮ್ಮನೆಯಲ್ಲ.

ತಾನೇ ಗೇರು ಬದಲಾಯಿಸಿಕೊಳ್ಳುವ ಕಾರುಗಳು ಈಗ ಹೆಚ್ಚುತ್ತಿವೆ, ನಿಜ. ಆದರೆ ಮನೆಯಲ್ಲಿರುವುದು ಹಳೆಯ ಕಾರಾದರೆ ಕಲಿಯದೆ ವಿಧಿಯಿಲ್ಲ. ಚೌಕಿಗೆ ಇಳಿಯುವ ಮುನ್ನ ಭಾನುವಾರದ ಬೆಳಗಿನಲ್ಲಿ, ಜನವಿಲ್ಲದ ಒಳರಸ್ತೆಯಲ್ಲಿ ಆಕ್ಸಿಲರೇಟರನ್ನು ಮುಟ್ಟದೆ ಬರಿಯ ಕ್ಲಚ್ಚಿನಿಂದಲೇ ಕಾರನ್ನು ಹೊರಡಿಸಿ ನಿಲ್ಲಿಸುವುದನ್ನು ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ಕಾಲಿಗೆ ಹದ ತಿಳಿಯುತ್ತದೆ. ಅಧಿಕಾರಿಗಳ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಮುಂದೆ ಇನ್ನೊಂದು ಪರೀಕ್ಷೆಯಿದೆ. ಅದಕ್ಕೆ ಪರೀಕ್ಷಕಿ ಹಿಂದಿನ ಸೀಟಿನಲ್ಲಿ ಕುಳಿತ ವೃದ್ಧಮಾತೆ. “ರಸ್ತೆ ಇಷ್ಟು ಹಾಳಾಗಿದೆಯೇನೋ ಮಗಾ?” ಎಂದು ಆಕೆ ಕೇಳಿದರೆ ಮಗ ಇನ್ನೂ ಕಲಿಯಬೇಕು. ಬಿಜೈ ತಲಪುವಷ್ಟರಲ್ಲಿ ಆಕೆಗೆ ಜೊಂಪು ಹತ್ತಿದ್ದರೆ ಮಗ ತೇರ್ಗಡೆಯಾದನೆಂದೇ ಅರ್ಥ.