ಗುಜರಿಗೇಕೆ ಇಷ್ಟು ಅವಸರ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕಂತೆ, ಅದಿಲ್ಲದ ಯಂತ್ರವನ್ನು ಗುಜರಿಗೆ ಹಾಕಬೇಕಂತೆ! ನಾವಿದನ್ನು ಒಪ್ಪುವುದಿಲ್ಲ. ಹಳೆಯ ಸೀರೆಯಲ್ಲಿ ಕೌದಿ ಹೊಲಿಯುವ ಜನವಲ್ಲವೇ ನಾವು? 64 ಬಿಟ್ಟಿನ, 2 ಜಿಬಿ ರ್‍ಯಾಮಿನ ಯಂತ್ರದಲ್ಲೂ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ನಡೆಯುತ್ತದೆ, ಅದೂ ಪುಕ್ಕಟೆ. ಮೊದಲು ಪೆನ್‌ಡ್ರೈವಿನಿಂದಲೇ ಚಲಾಯಿಸಿ ನೋಡಿ; ಹಿಡಿಸಿದರೆ ಡಿಸ್ಕಿಗೆ ಹಾಕಿಕೊಳ್ಳಿ. (ಮದುವೆಯ ಫೋಟೋಗಳನ್ನು ಮುಂಚೆಯೇ ಬೇರೆಡೆ ಇಟ್ಟುಕೊಳ್ಳಿ, ಡಿಸ್ಕು ಅಳಿಸಿಹೋದೀತು.) ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದರೆ ಅದು ಏದುಸಿರು ಬಿಡುವುದು ನಿಜ. ಆದರೆ ಕಗಪ ಕೀಲಿಮಣೆ ಅದರಲ್ಲೇ ಇದೆ. ಪರಊರಿನಲ್ಲಿ ಬೆಳೆಯುವ ಮಕ್ಕಳು ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಇನ್ನೇನು ಬೇಕು, ಸ್ವಾಮಿ? ಕನ್ನಡ ತರಗತಿಯ ಹೊಸ ಕಂಪ್ಯೂಟರಿಗೆಂದು ಚಂದಾ ಎತ್ತುವ ಮೊದಲು ನಮ್ಮ ಪದಾಧಿಕಾರಿಗಳು ಸದಸ್ಯರ ಮನೆಯ ಅಟ್ಟಗಳನ್ನು ತಡಕಲಿ.